ಆನೆ ಹೊಡೆದ ಬಂಪರ್

ಕಾರ್ಕಳದ ಪೇಟೆಯ ನಟ್ಟನಡುವೆ, ಹಾಡುಹಗಲಲ್ಲಿ, ಎರಡು ಮಾಳಿಗೆಯಷ್ಟು ಎತ್ತರದ ಆನೆಯೊಂದು ತಾರಾನಾಥನ ಕಾರಿಗೆ ಅಡ್ಡ ಬಂತು. ಅಂಗಡಿಯವರು ಶಟರ್ ಎಳೆದುಕೊಂಡು ಒಳಗೆ ಕೂತರು. ಬಸ್ಸುಗಳು ಬಂದ ದಾರಿಯಲ್ಲೇ ತಿರುಗಿ ಉಡುಪಿ ಸೇರಿದವು. ಅಲುಗದೆ ಉಳಿದವನು ತಾರಾನಾಥ ಒಬ್ಬನೇ. ಎಂಜಿನ್ ಬಂದ್ ಮಾಡಿದ. ಗಾಜು ಇಳಿಸಿದ. ಮೊಣಕೈಯನ್ನು ಹೊರಗಿಟ್ಟು, ಆನೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆನೆಯೂ ನೋಡಿತು. ಕಡೆಗೆ ರೆಪ್ಪೆ ಮಿಟುಕಿಸಿದ್ದು ಆನೆ. ಸೋತ ಸಿಟ್ಟಿಗೆ ಅದು ದಂತದಿಂದ ಬಂಪರಿನ ಮೇಲೊಂದು ಗೀರು ಎಳೆದು, ಸೊಂಡಿಲು ತಗ್ಗಿಸಿಕೊಂಡು, ಬಂದ ಕಾಡಿಗೆ ವಾಪಸು ಹೋಯಿತು.

ಹೀಗೆಂದು ತಾರಾನಾಥ ಫೋನಿನಲ್ಲಿ ಹೇಳಿದ. ಆ ಕಡೆಯಲ್ಲಿ ಕೇಳುತ್ತಿದ್ದವನು ಮಣಿಪಾಲದಲ್ಲಿ ಕಾರುಗಳಿಗೆ ಡೆಂಟಿಂಗ್, ಪೇಂಟಿಂಗ್ ಮಾಡುವ ಕ್ಲಾಯ್ಡ್.

"ಎದುರಿನ ಬಂಪರಾ, ಹಿಂದಿನದ್ದಾ?"

"ಹಿಂದಿನದ್ದು."

"ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ ಆನೆ ಹಿಂದಿನ ಬಂಪರಿಗೆ ಹೇಗೆ ಹೊಡೀತು ಮಾರಾಯ್ರೆ?"

ತಾರಾನಾಥ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅಲ್ಲೇ ಉಂಟಲ್ಲ ಆನೆಯ ಬುದ್ಧಿ!"

ಈ ಗೀರು ಸಾಮಾನ್ಯ ಗೀರಲ್ಲ. ತಾರಾನಾಥನ ಮುಂದಿನ ಜೀವಮಾನವೆಲ್ಲ ಅದರ ಮೇಲೆ ನಿಂತಿತ್ತು. ಏಕೆಂದರೆ ಕಾರು ಅವನದಲ್ಲ; ಮಸ್ಕತ್ತಿನಲ್ಲಿರುವ ಭೋಜ ಭಾವನದು, ಎಂದರೆ ಹೆಂಡತಿ ಕುಶಲಾಳ ಅಣ್ಣನದು. ಕಳೆದ ಸಲ ರಜೆ ಮುಗಿಸಿ ಹೊರಡುವಾಗ ಭಾವ ಕೀಲಿಕೈಯನ್ನು ತಾರಾನಾಥನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿ ಹೇಳಿದ್ದ: "ತಾರಾ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡು. ಗೇಟು ಮಾತ್ರ ದಾಟಿಸಬೇಡ. ನಾನು ಬರುವಾಗ ಇದರ ಮೈಮೇಲೆ ಒಂದು ಗೀರು ಇಲ್ಲದಿದ್ದರೆ ಕಾರು ನಿನ್ನದೇ. ಗೀರು ಕಂಡರೆ ಪಡುಬಿದ್ರಿಯವನಿಗೆ."

ಪಡುಬಿದ್ರಿಯವನೆಂದರೆ ಕುಶಲಾಳ ತಂಗಿಯ ಗಂಡ, ತಾರಾನಾಥನ ಷಡ್ಡಕ. ಲೋಕದಲ್ಲಿ ಯಾರಿಗೆ ಕಾರು ಹೋದರೂ ಸಹಿಸಬಹುದು, ಷಡ್ಡಕನಿಗೆ ಹೋಗುವುದನ್ನು ಸಹಿಸಿದ ಗಂಡಸು ಈ ಕರಾವಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಆದ್ದರಿಂದ ಸೊಸೈಟಿಯ ಗುಮಾಸ್ತನಾದ ತಾರಾನಾಥ ಋಷಿಯಂತೆ ಬದುಕಿದ. ಪ್ರತಿ ಭಾನುವಾರ ಕಾಪುವಿನ ತನ್ನ ಮನೆಯ ಶೆಡ್ಡಿನೊಳಗೆ ಕಾರು ಸ್ಟಾರ್ಟ್ ಮಾಡಿ, ಸ್ಟೀರಿಂಗ್ ಹಿಡಿದು, ಕೂತಲ್ಲಿಂದಲೇ ಮಂಗಳೂರಿಗೆ ಹೋಗಿ ಬರುತ್ತಿದ್ದ. ಭಾವ ಬರಲು ವಾರ ಉಳಿದಿರುವಾಗ ಕಾರ್ಕಳದಲ್ಲಿ ಹಳೆಯ ಸಹಪಾಠಿಯೊಬ್ಬನ ಗೃಹಪ್ರವೇಶ ಬಂತು. ಜೊತೆಯಲ್ಲಿ ಓದಿದವರೆಲ್ಲ ಕಾರಿನಲ್ಲಿ ಬರುವವರು. ಅವರ ಕಣ್ಣೆದುರು ತಾರಾನಾಥ ಬಸ್ಸಿನಿಂದ ಇಳಿಯುವುದೇ? "ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆ" ಎಂದು ಕುಶಲಾಳಿಗೆ ಹೇಳಿ ಗೇಟು ದಾಟಿಸಿದ. ಪೆಟ್ರೋಲ್ ಪಂಪು ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ತಾರಾನಾಥ ವಾಪಸು ಬಂದದ್ದು ಸಂಜೆ, ಬಾಯಿ ತುಂಬ ವೀಳ್ಯ ಜಗಿಯುತ್ತ.

"ಇಷ್ಟು ಹೊತ್ತು ಎಂತ ಮಾಡಿದ್ದು?" ಎಂದಳು ಕುಶಲಾ.

"ಭಯಂಕರ ಕ್ಯೂ" ಎಂದವನೇ ಕಾರಿನ ಹಿಂಭಾಗವನ್ನು ಗೋಡೆಗೆ ಅಂಟಿಸಿ ನಿಲ್ಲಿಸಿ, ಮೇಲೊಂದು ಟಾರ್ಪಾಲು ಹೊದೆಸಿದ. ಮರುದಿನ ಬೆಳಿಗ್ಗೆ, ಕುಶಲಾ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸುತ್ತಿರುವಾಗ, ಹಿತ್ತಿಲ ಕಂಪೌಂಡಿನ ಬಳಿ ನಿಂತು ಕ್ಲಾಯ್ಡನಿಗೆ ಮಾಡಿದ ಫೋನೇ ಮೇಲೆ ಹೇಳಿದ್ದು.

ಕಂಪೌಂಡಿನ ಆಚೆ ಬದಿಯಲ್ಲಿ ನೆರೆಮನೆಯ ಕಾನ್ಸೆಪ್ಟಾ ಬಾಯಿ ಬಂಗುಡೆ ಶುಚಿ ಮಾಡುತ್ತ ಕೂತಿದ್ದಳು. ಕದ್ದು ಕೇಳುವ ಸ್ವಭಾವ ಅವಳದಲ್ಲ. ಕೇಳಿಸಿದ್ದನ್ನು ವ್ಯರ್ಥ ಮಾಡುವ ಸ್ವಭಾವವೂ ಅಲ್ಲ. ಆದರೆ ಕುಶಲಾಳ ಮಿಕ್ಸಿ ತಿರುಗಿದಾಗ ತಾರಾನಾಥನ ಮಾತು ಮುಳುಗುತ್ತಿತ್ತು, ನಿಂತಾಗ ತೇಲುತ್ತಿತ್ತು. ಹಾಗೆ ತೇಲಿ ಬಂದು ಗೋಡೆ ಹಾರಿದ ಮಾತುಗಳು ಇಷ್ಟು:

"ಕಾರ್ಕಳದಲ್ಲಿ..." ಗುರ್‌ರ್‌ರ್. "...ಆನೆ..." ಗುರ್‌ರ್‌ರ್. "...ಒಂದೇ ಸ್ಕ್ರ್ಯಾಚು, ಬಂಪರಿಗೇ ಹೊಡೀತು..." ಗುರ್‌ರ್‌ರ್. "...ಕಾರು! ಹೌದು ಮಾರಾಯ, ಕಾರು..." ಗುರ್‌ರ್‌ರ್. "...ಯಾರಿಗೂ ಗೊತ್ತಾಗಬಾರದು."

ಕಾನ್ಸೆಪ್ಟಾ ಬಾಯಿಯ ಕೈಯಿಂದ ಬಂಗುಡೆ ಜಾರಿ ಬೆಕ್ಕಿನ ಪಾಲಾಯಿತು.

ಅವಳನ್ನು ದೂರುವಂತಿಲ್ಲ. ಕಾರ್ಕಳದಲ್ಲಿ ಒಂದು ಬಟ್ಟೆ ಅಂಗಡಿ ಉಂಟು. ಅದರ ನಿಜವಾದ ಹೆಸರು ಅದರ ಯಜಮಾನರಿಗೂ ಮರೆತುಹೋಗಿದೆ. ಎಲ್ಲರ ಬಾಯಲ್ಲೂ ಆನೆ ಅಂಗಡಿ. ಆ ಅಂಗಡಿಯವರು ಈ ಸಲ ಒಂದು ಸ್ಕೀಮು ಹಾಕಿದ್ದರು. ಬಟ್ಟೆ ಕೊಂಡವರಿಗೆ ಒಂದು ಸ್ಕ್ರ್ಯಾಚ್ ಕಾರ್ಡು. ಗೀರಿದರೆ ಹೆಚ್ಚಿನವರಿಗೆ ಸ್ಟೀಲಿನ ಚಮಚ, ಪುಣ್ಯ ಮಾಡಿದವರಿಗೆ ಪ್ಲಾಸ್ಟಿಕ್ ಬಕೆಟು, ಮತ್ತು ಒಬ್ಬನೇ ಒಬ್ಬ ಮಹಾಪುರುಷನಿಗೆ ಬಂಪರ್ ಬಹುಮಾನ: ಒಂದು ಕಾರು! ಹೆಜಮಾಡಿಯಿಂದ ಮಣಿಪಾಲದವರೆಗೆ ಜನ ಉಗುರು ಸವೆಯುವಷ್ಟು ಗೀರುತ್ತಿದ್ದರು. ಕಾನ್ಸೆಪ್ಟಾ ಬಾಯಿಯ ಮನೆಯಲ್ಲಿ ಆ ತಿಂಗಳು ಸೇರಿದ ಚಮಚಗಳಲ್ಲಿ ಒಂದು ಮದುವೆಯ ಐಸ್‌ಕ್ರೀಮು ಬಡಿಸಬಹುದಿತ್ತು.

ಅಂದೇ ತಾರಾನಾಥ ಕಾರನ್ನು ಮಣಿಪಾಲಕ್ಕೆ ಮುಟ್ಟಿಸಿದ. ಕ್ಲಾಯ್ಡ್ ಬಂಪರಿನ ಮೇಲೆ ಬೆರಳಾಡಿಸಿ, ಬಗ್ಗಿ ಅದರ ಸಂದಿಯಲ್ಲೊಮ್ಮೆ ಇಣುಕಿ, "ಆನೆಯಾ?" ಎಂದ. "ಆನೆ" ಎಂದ ತಾರಾನಾಥ. "ಸರಿ, ಬಿಟ್ಟು ಹೋಗಿ" ಎಂದ ಕ್ಲಾಯ್ಡ್. ಮನೆಯಲ್ಲಿ ಕಾರು ಸರ್ವಿಸ್‌ಗೆ ಹೋಗಿದೆ ಎಂದರಾಯಿತು, ಭಾವ ಬರುವಷ್ಟರಲ್ಲಿ ಗೀರು ಮಾಯ, ಕಾರು ತನ್ನದು ಎಂದು ಲೆಕ್ಕ ಹಾಕುತ್ತ ತಾರಾನಾಥ ಬಸ್ಸಿನಲ್ಲಿ ಕಾಪುವಿಗೆ ಬಂದು ಇಳಿದ. ಇಳಿದಲ್ಲೇ ಕಾನ್ಸೆಪ್ಟಾ ಬಾಯಿಯ ಗಂಡ ಹೆರಾಲ್ಡ್ ಪೊರ್ಬು ಎರಡೂ ಕೈ ಚಾಚಿ ನಿಂತಿದ್ದ. ಹೆರಾಲ್ಡ್ ಪೊರ್ಬುವಿನದು ಫ್ಲೆಕ್ಸ್ ಬ್ಯಾನರಿನ ಅಂಗಡಿ. ಕಾಪುವಿನಲ್ಲಿ ಹುಟ್ಟಿದವರು, ಪಾಸಾದವರು, ತೀರಿಕೊಂಡವರು ಎಲ್ಲರೂ ಅವನ ಕೈಯಿಂದಲೇ ಹಾದುಹೋಗಬೇಕು.

"ತಾರಾನಾಥಣ್ಣ! ಬಂಪರ್ ಹೊಡೀತಂತಲ್ಲ!"

ತಾರಾನಾಥನ ಕಾಲ ಕೆಳಗಿನ ಹೆದ್ದಾರಿ ಸಮುದ್ರದ ಕಡೆಗೆ ವಾಲಿತು. "ಯಾರು ಹೇಳಿದ್ದು?"

"ಯಾರು ಹೇಳಿದ್ದು ಅಂದರೆ ಎಂತ! ಇಡೀ ಕಾಪುವಿಗೆ ಗೊತ್ತುಂಟು."

"ಮೆಲ್ಲ ಮಾತಾಡಿ ಪೊರ್ಬುಗಳೆ. ದೊಡ್ಡದೇನಲ್ಲ, ಸಣ್ಣದು."

"ಕಾರು ಸಣ್ಣದಾ?"

"ಕಾರು ದೊಡ್ಡದೇ. ಗೀರಿದ್ದು ಸಣ್ಣದು. ಒಂದೇ ಗೀರು."

"ಒಂದೇ ಗೀರಿಗೆ!" ಹೆರಾಲ್ಡ್ ಪೊರ್ಬು ಆಕಾಶ ನೋಡಿ ಶಿಲುಬೆಯ ಗುರುತು ಹಾಕಿಕೊಂಡ. "ಅದೃಷ್ಟ ಅಂದರೆ ಇದು! ನಮ್ಮ ಕಾನ್ಸೆಪ್ಟಾ ಎಷ್ಟು ಸಲ ಗೀರಿದಳು! ಬಂಪರ್ ಹೊಡೆಯಲಿ ಅಂತ ದಿನಾಲೂ ಪ್ರಾರ್ಥನೆ ಬೇರೆ!"

ತಾರಾನಾಥ ಬೆಚ್ಚಿದ. ನೆರೆಮನೆಯವಳು ತನ್ನ ಬಂಪರಿಗೆ ಹೊಡೆಯಲಿ ಎಂದು ದೇವರಲ್ಲಿ ಬೇಡುವುದು ಯಾವ ಧರ್ಮ? "ಕಾನ್ಸೆಪ್ಟಾ ಬಾಯಿಗೆ ನಮ್ಮ ಮೇಲೆ ಎಂತ ಕೋಪ ಪೊರ್ಬುಗಳೆ?"

"ಕೋಪವಾ! ಸಂತೋಷ ಮಾರಾಯ್ರೆ! ಈಗ ಕಾರು ಎಲ್ಲುಂಟು?"

"ಮಣಿಪಾಲದಲ್ಲಿ. ಬಣ್ಣ ಹೊಡೆದು ಕೊಡ್ತಾರೆ."

"ನೀವು ಹೇಳಿದ ಬಣ್ಣ ಹೊಡೆದೇ ಕೊಡ್ತಾರಾ! ಆನೆ ಅಂಗಡಿಯವರು ಅಂದರೆ ಸುಮ್ಮನೆ ಅಲ್ಲ ನೋಡಿ!"

ಆನೆ ಅಂಗಡಿ ಎಂಬ ಹೆಸರು ಕೇಳಿದಾಗ ತಾರಾನಾಥನ ಮುಖದಲ್ಲಿದ್ದ ರಕ್ತವೆಲ್ಲ ಚಪ್ಪಲಿಗೆ ಇಳಿಯಿತು. ನಂತರ ಹೆರಾಲ್ಡ್ ಪೊರ್ಬು ಚಮಚ, ಬಕೆಟು, ಸ್ಕ್ರ್ಯಾಚ್ ಕಾರ್ಡು ಎಂದೆಲ್ಲ ಹೇಳುತ್ತ ಹೋದಂತೆ ಒಂದೊಂದೇ ಹನಿಯಾಗಿ ಮೇಲೆ ಹತ್ತಿತು. ಜನ ತಿಳಿದಿರುವ ಬಂಪರು ಬೇರೆ! ಈಗ ಅವನ ಮುಂದೆ ಎರಡು ದಾರಿ. ಬಹುಮಾನ ಬಂದಿಲ್ಲ ಎಂದರೆ, ಹಾಗಾದರೆ ಯಾವ ಬಂಪರು, ಎಂತ ಸ್ಕ್ರ್ಯಾಚು ಎಂದು ಕೇಳುತ್ತಾರೆ. ಸಂಜೆಯೊಳಗೆ ಸುದ್ದಿ ಮಸ್ಕತ್ತು ಮುಟ್ಟುತ್ತದೆ. ಕಾರು ಪಡುಬಿದ್ರಿಗೆ ಹೋಗುತ್ತದೆ. ಬಹುಮಾನ ಬಂದಿದೆ ಎಂದರೆ ಗೀರು ಅದರ ಅಡಿಯಲ್ಲಿ ಸುಖವಾಗಿ ಮಲಗಿರುತ್ತದೆ. ತಾರಾನಾಥ ಯೋಚಿಸಿದ. ಯೋಚಿಸುತ್ತಿರುವಾಗಲೇ ಎದುರಿನ ಹೋಟೆಲಿನವರು ಕರೆದು, ಬಿಸಿ ಗೋಳಿಬಜೆ ಮುಂದಿಟ್ಟು, "ಬಂಪರಿನವರಿಂದ ದುಡ್ಡು ತೆಗೊಳ್ಳುವುದಾ!" ಎಂದರು. ಮೊದಲ ಗೋಳಿಬಜೆ ಗಂಟಲಿನಿಂದ ಇಳಿಯುವಷ್ಟರಲ್ಲಿ ತಾರಾನಾಥನ ತೀರ್ಮಾನವೂ ಇಳಿದಿತ್ತು.

"ಹೌದು" ಎಂದ ಗಂಭೀರವಾಗಿ. "ಹೊಡೀತು."

ಮನೆಯಲ್ಲಿ ಕುಶಲಾ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಹಬ್ಬದ ಕಳೆ, ಸೊಂಟದ ಮೇಲೆ ಕೈ. ಇವೆರಡು ಒಟ್ಟಿಗೆ ಬಂದಾಗ ಗಂಡಂದಿರು ಎಚ್ಚರವಾಗಿರಬೇಕು.

"ಊರಿಗೆಲ್ಲ ಗೊತ್ತಾದ ಮೇಲೆ ಹೆಂಡತಿಗೆ ಹೇಳುವುದಾ?"

"ಸರ್‌ಪ್ರೈಸ್ ಕೊಡುವಾ ಅಂತ ಇದ್ದೆ."

"ಒಳ್ಳೆಯದು. ಕಾರ್ಡು ಎಲ್ಲಿ ಸಿಕ್ಕಿದ್ದು?"

"ಆನೆ ಅಂಗಡಿಯಲ್ಲಿ."

"ಬಟ್ಟೆ ತೆಗೆದರೆ ಮಾತ್ರ ಕಾರ್ಡು ಕೊಡುವುದಲ್ವಾ?"

"ಅಲ್ವಾ ಮತ್ತೆ!"

"ಹಾಗಾದರೆ ಸೀರೆ ಯಾರಿಗೆ ತೆಗೆದದ್ದು?"

ಕಾಪುವಿನ ದೀಪಸ್ತಂಭ ಇಷ್ಟು ವರ್ಷಗಳಲ್ಲಿ ಎಷ್ಟೋ ಹಡಗುಗಳನ್ನು ಬಂಡೆಗೆ ಬಡಿಯದಂತೆ ಉಳಿಸಿದೆ. ತಾರಾನಾಥನನ್ನು ಉಳಿಸಲು ಅಲ್ಲಿ ಯಾವ ದೀಪವೂ ಇರಲಿಲ್ಲ. "ಪಂಚೆ" ಎಂದ.

"ಎಂತ ಪಂಚೆ?"

"ನಿನ್ನ ಅಣ್ಣನಿಗೆ. ಬರುವವರಿಗೆ ಬರಿಗೈಯಲ್ಲಿ ಎದುರಾಗುವುದಾ ಅಂತ, ಒಂದು ಪಂಚೆ ತೆಗೆದೆ. ಅದರಲ್ಲೇ ಹೊಡೆದದ್ದು."

ಕುಶಲಾಳ ಕೈ ಸೊಂಟದಿಂದ ಇಳಿದು ಕಣ್ಣಿಗೆ ಹೋಯಿತು. ತನ್ನ ಗಂಡ ತನ್ನ ಅಣ್ಣನಿಗೆ ಪಂಚೆ ತೆಗೆದ ಸುದ್ದಿ ಅವಳಿಗೆ ಕಾರಿಗಿಂತ ದೊಡ್ಡದಾಗಿತ್ತು. ಆ ಉತ್ಸಾಹದಲ್ಲೇ ಅವಳು ತಾರಾನಾಥ ತಡೆಯುವ ಮೊದಲು ಮಸ್ಕತ್ತಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದಳು.

"ಅಣ್ಣಾ, ಇವರಿಗೆ ಬಂಪರ್ ಹೊಡೀತು! ಕಾರು ಬಂತು, ಕಾರು!"

ಮಸ್ಕತ್ತಿನಿಂದ ಒಂದು ಕೇಕೆ ಬಂತು. ಫೋನಿಲ್ಲದಿದ್ದರೂ ಅದು ಕಾಪುವಿಗೆ ಕೇಳುತ್ತಿತ್ತು. "ಶಹಬ್ಬಾಸ್ ತಾರಾ! ನನಗೊಂದು ದೊಡ್ಡ ಚಿಂತೆ ಕಳೆಯಿತು ಮಾರಾಯ. ನನ್ನ ಕಾರು ನಿನಗೆ ಕೊಟ್ಟರೆ ಪಡುಬಿದ್ರಿಯವನಿಗೆ ಬೇಸರ, ಅವನಿಗೆ ಕೊಟ್ಟರೆ ನಿನಗೆ ಬೇಸರ ಅಂತ ಇತ್ತು. ಈಗ ನಿನಗೆ ಹೊಸತೇ ಬಂತಲ್ಲ! ನನ್ನದು ಅವನಿಗೆ ಇರಲಿ. ಗೀರಿರಲಿ, ಬಿಡಲಿ, ಅವನಿಗೇ!"

ತಾರಾನಾಥ ಪಕ್ಕದ ಕುರ್ಚಿಯನ್ನು ಹುಡುಕಿಕೊಂಡು ಕೂತ. ಗೀರು ಮುಚ್ಚಲು ಬಹುಮಾನ ತಂದದ್ದಾಯಿತು. ಈಗ ಬಹುಮಾನವೇ ಕಾರನ್ನು ನುಂಗಿತ್ತು. ಇದ್ದ ಒಂದು ಕಾರು ಷಡ್ಡಕನಿಗೆ, ಇಲ್ಲದ ಒಂದು ಕಾರು ತನಗೆ.

"ಭಾವ, ಅದು... ನಿಮ್ಮ ಕಾರು ಕೂಡ ಇರಲಿ. ಒಂದಕ್ಕೊಂದು ಜೊತೆ..."

"ಹ್ಹಹ್ಹಹ್ಹ! ಇವನ ಹಾಸ್ಯ ಇನ್ನೂ ಹಾಗೇ ಉಂಟು!" ಎಂದ ಭಾವ ಫೋನಿಟ್ಟ.

ಇತ್ತ ಕಾಪುವಿನ ಉತ್ಸಾಹ ಉಕ್ಕಿ ಹರಿಯಿತು. ಸೊಸೈಟಿಯ ಮ್ಯಾನೇಜರರು ತಾರಾನಾಥನಿಗೆ ಫ್ಯಾನಿನ ಕೆಳಗಿನ ಮೇಜು ಕೊಟ್ಟರು. ಎರ್ಮಾಳಿನಿಂದ ಹುಡುಕಿಕೊಂಡು ಬಂದ ಮೀನುಗಾರರೊಬ್ಬರು ತಾರಾನಾಥನ ಹೆಬ್ಬೆರಳಿನಿಂದ ತಮ್ಮ ಕಾರ್ಡು ಗೀರಿಸಿಕೊಂಡರು; ಅವರಿಗೆ ಬಕೆಟು ಹೊಡೆಯಿತು. ಅಂದಿನಿಂದ ಆ ಹೆಬ್ಬೆರಳಿಗೆ ಪುರುಸೊತ್ತಿಲ್ಲ. ಹೆರಾಲ್ಡ್ ಪೊರ್ಬು ಹೆದ್ದಾರಿಯ ತಿರುವಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ತಾರಾನಾಥನ ಮುಖ ಒಂದು ತೆಂಗಿನ ಮರದಷ್ಟು ಎತ್ತರಕ್ಕೆ ನಗುತ್ತಿತ್ತು. ಬದಿಯಲ್ಲೊಂದು ಆನೆ ಸೊಂಡಿಲೆತ್ತಿ ಹಾರ ಹಾಕುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ: "ಕಾಪುವಿನ ಹೆಮ್ಮೆಯ ಪುತ್ರ, ಬಂಪರ್ ವೀರ ತಾರಾನಾಥರಿಗೆ ಅಭಿನಂದನೆಗಳು."

"ಆನೆ ಎಂತಕ್ಕೆ ಪೊರ್ಬುಗಳೆ?" ಎಂದು ತಾರಾನಾಥ ದೀನನಾಗಿ ಕೇಳಿದ. ಆ ಆನೆಯ ಕಣ್ಣು ತನ್ನನ್ನೇ ನೋಡುತ್ತಿರುವಂತೆ ಅವನಿಗೆ ಕಂಡಿತ್ತು.

"ಆನೆ ಇಲ್ಲದೆ ಬಂಪರ್ ಎಲ್ಲಿಂದ ಬಂತು ಹೇಳಿ!"

ಮಾತು ಅಕ್ಷರಶಃ ನಿಜವಾಗಿತ್ತು.

ಅಷ್ಟರಲ್ಲಿ ಮಣಿಪಾಲದಿಂದ ಕ್ಲಾಯ್ಡನ ಫೋನು ಬಂತು. ತಾರಾನಾಥ ಓಡಿದ. ಹೋಗಿ ನೋಡಿದರೆ ಗೀರಿನ ಗುರುತೇ ಇಲ್ಲ, ಆದರೆ ಹೊಸ ಬಣ್ಣದ ಬಂಪರು ಹೊಳೆಯುವ ಹೊಳಪಿಗೆ ಉಳಿದ ಕಾರು ಮಂಕಾಗಿ ಕಾಣುತ್ತಿತ್ತು. ಮದುಮಗಳ ಸೆರಗಿಗೆ ಹಳೆ ಕಂಬಳಿ ಹೊಲಿದ ಹಾಗೆ.

"ಇದೆಂತ ಮಾರಾಯ? ಗೀರು ಕಾಣದಿದ್ದರೂ ಬಂಪರು ಕಾಣ್ತದಲ್ಲ! ಭಾವ ನೋಡಿದರೆ ಅಲ್ಲಿಗೇ ಕೈ ತೋರಿಸ್ತಾರೆ."

"ಬಂಪರು ಮಂಕು ಮಾಡಲು ಆಗುದಿಲ್ಲ. ಬೇಕಾದರೆ ಇಡೀ ಕಾರು ಪಾಲಿಶ್ ಮಾಡುವಾ" ಎಂದ ಕ್ಲಾಯ್ಡ್.

ಇಡೀ ಕಾರು ಪಾಲಿಶ್ ಆಯಿತು. ಆಗ ಚಕ್ರಗಳು ಹಳತಾಗಿ ಕಂಡವು, ಅವೂ ಮಿಂಚಿದವು. ದೀಪಗಳು ಮಬ್ಬಾಗಿ ಕಂಡವು, ಅವನ್ನೂ ಉಜ್ಜಿದರು. ಕಡೆಗೆ ಕಾರು ಹೊರಗೆ ಬಂದಾಗ ಸೂರ್ಯ ಕಣ್ಣು ಮುಚ್ಚಿಕೊಂಡ. ಕಂಪನಿಯಿಂದ ಹೊರಟ ದಿನವೂ ಅದು ಅಷ್ಟು ಹೊಸದಾಗಿರಲಿಲ್ಲ. ಭಾವ ಮಸ್ಕತ್ತಿನಿಂದ ತಂದು ಮುಂದಿನ ಗಾಜಿನ ಬಳಿ ಅಂಟಿಸಿದ ತಲೆಯಾಡಿಸುವ ಪ್ಲಾಸ್ಟಿಕ್ ನಾಯಿಮರಿ ಮಾತ್ರ ಹಳತಾಗಿಯೇ ಕೂತು ಹೌದು, ಹೌದು ಎನ್ನುತ್ತಿತ್ತು.

"ಬಂಪರಿನ ಸಂದಿಯಲ್ಲಿ ನಿಮ್ಮದೊಂದು ಸಾಮಾನು ಸಿಕ್ಕಿತು" ಎಂದ ಕ್ಲಾಯ್ಡ್. "ಡಿಕ್ಕಿಯಲ್ಲಿ ಇಟ್ಟಿದ್ದೇನೆ."

"ಆಯಿತು, ಆಯಿತು" ಎಂದ ತಾರಾನಾಥ, ಕೇಳಿಸಿಕೊಳ್ಳದೆ. ಅವನ ತಲೆಯಲ್ಲಿ ಒಂದೇ ಯೋಚನೆ. ಭಾವ ಬರುವುದು ನಾಳೆ. ಇವತ್ತೇ ಒಳದಾರಿಯಲ್ಲಿ ಕಾರನ್ನು ಶೆಡ್ಡಿಗೆ ಸೇರಿಸಿ, "ಬಂಪರಿನ ಕಾರಿನಲ್ಲಿ ಏನೋ ತೊಂದರೆಯಂತೆ, ಅಂಗಡಿಯವರು ವಾಪಸು ತೆಗೆದುಕೊಂಡರು" ಎಂದು ಅತ್ತುಬಿಡುವುದು. ಭಾವನಿಗೆ ಕನಿಕರ ಬರುತ್ತದೆ. ಕಾರು ತನಗೇ ಉಳಿಯುತ್ತದೆ. ತಾರಾನಾಥ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ. ಸ್ಟೀರಿಂಗ್ ಬಿಟ್ಟು ತಟ್ಟಿಕೊಂಡದ್ದರಿಂದ ಒಬ್ಬ ಸೈಕಲಿನವನು ಚರಂಡಿಗೆ ಇಳಿದ.

ಶಂಕರಪುರದ ಒಳದಾರಿ ಹಿಡಿದದ್ದೇ ತಪ್ಪಾಯಿತು. ಅಲ್ಲಿ ಮಲ್ಲಿಗೆ ಕೊಳ್ಳಲು ಬಂದಿದ್ದ ಕಾನ್ಸೆಪ್ಟಾ ಬಾಯಿ ಹೊಳೆಯುವ ಕಾರನ್ನೂ, ಅದರೊಳಗಿನ ತಾರಾನಾಥನನ್ನೂ ಕಂಡು, ಎರಡು ಅಟ್ಟೆ ಮಲ್ಲಿಗೆಯ ಕಟ್ಟುಗಳೊಂದಿಗೆ ಕಾರಿನೊಳಗೇ ಬಂದು ಕೂತಳು. ದಾರಿಯುದ್ದಕ್ಕೂ ಫೋನಿನಲ್ಲಿ ಊರಿಗೆ ಸುದ್ದಿ ಕೊಟ್ಟಳು. ಕಾಪುವಿನ ತಿರುವು ಬಂದಾಗ ಹೆರಾಲ್ಡ್ ಪೊರ್ಬು ನಾಸಿಕ್ ಬ್ಯಾಂಡಿನೊಂದಿಗೆ ರಸ್ತೆಯ ನಡುವೆಯೇ ನಿಂತಿದ್ದ. ಬ್ಯಾಂಡು ಬಾರಿಸಿದ ಹೊಡೆತಕ್ಕೆ ಸಮುದ್ರದ ತೆರೆಗಳು ಅರ್ಧದಲ್ಲೇ ಹಿಂದಿರುಗಿದವು. ನೋಡುನೋಡುತ್ತಿದ್ದಂತೆ ಕಾರಿಗೂ ತಾರಾನಾಥನ ಕೊರಳಿಗೂ ಮಲ್ಲಿಗೆ ಹಾರ ಬಿತ್ತು. ನಂಬರ್ ಪ್ಲೇಟುಗಳ ಮೇಲೆ "ಬಂಪರ್ ವೀರ" ಎಂಬ ಎರಡು ಸಣ್ಣ ಫ್ಲೆಕ್ಸುಗಳು ಕೂತವು. ತಾರಾನಾಥನಿಗೆ ಇಷ್ಟು ದಿನಗಳಲ್ಲಿ ದೇವರು ಮಾಡಿದ ಒಂದೇ ಉಪಕಾರ ಅದು.

ಮೆರವಣಿಗೆ ಮನೆಯ ಗೇಟಿಗೆ ಮುಟ್ಟಿತು. ಕುಶಲಾ ಆರತಿ ಹಿಡಿದು ಬಂದವಳು ಹೆಜ್ಜೆ ತಡೆದಳು.

"ಇದು ಅಣ್ಣನ ಕಾರಿನ ಹಾಗೆಯೇ ಉಂಟಲ್ಲ?"

"ಅದೇ ಮಾಡೆಲ್, ಅದೇ ಬಣ್ಣ ಬೇಕು ಅಂತ ಹೇಳಿ ತೆಗೆದುಕೊಂಡೆ. ನಿನ್ನ ಅಣ್ಣನ ನೆನಪಿಗೆ."

"ಅಣ್ಣ ಇನ್ನೂ ಜೀವಂತ ಇದ್ದಾರಲ್ಲ!"

"ಬದುಕಿರುವಾಗಲೇ ಇರಲಿ ಅಂತ" ಎಂದು ತಾರಾನಾಥ ಹೇಳಿ ಮುಗಿಸುವಷ್ಟರಲ್ಲಿ ಜನರ ಹಿಂದೆ ಒಂದು ಟ್ಯಾಕ್ಸಿ ಬಂದು ನಿಂತಿತು. ಅದರಿಂದ ಕಪ್ಪು ಕನ್ನಡಕ, ಅತ್ತರಿನ ಘಮಘಮ, ಎರಡು ಸೂಟ್‌ಕೇಸುಗಳ ಸಮೇತ ಭೋಜ ಭಾವ ಇಳಿದ.

"ನಾಳೆಯವರೆಗೆ ತಡೆಯಲಿಕ್ಕೆ ಆಗಲಿಲ್ಲ! ಟಿಕೆಟ್ ಬದಲಿಸಿಯೇ ಬಂದೆ! ಎಲ್ಲಿ ನನ್ನ ಬಂಪರ್ ಭಾವ?" ಎಂದು ಜನರನ್ನು ಸೀಳಿಕೊಂಡು ಬಂದು ತಾರಾನಾಥನನ್ನು ಅಪ್ಪಿ ನೆಲದಿಂದ ಎತ್ತಿದ. ಬ್ಯಾಂಡಿನವರು ಎರಡು ಪಟ್ಟು ಬಾರಿಸಿದರು. ಭಾವ ಕಾರಿಗೆ ಒಂದು ಸುತ್ತು ಬಂದ. ತಾರಾನಾಥನೂ ಉಸಿರು ಹಿಡಿದು ಹಿಂದೆಯೇ ಸುತ್ತು ಬಂದ. ಹಿಂದಿನ ಬಂಪರಿನ ಬಳಿ ಭಾವ ನಿಂತ. ಸವರಿದ. "ಆಹಾ! ಕನ್ನಡಿ ಮಾರಾಯ, ಕನ್ನಡಿ! ನನ್ನ ಕಾರು ಯಾವತ್ತಾದರೂ ಹೀಗೆ ಹೊಳೆದದ್ದುಂಟಾ?"

"ಇಲ್ಲ ಭಾವ, ಯಾವತ್ತೂ ಇಲ್ಲ" ಎಂದ ತಾರಾನಾಥ. ಆ ವಾರವೆಲ್ಲ ಅವನು ಆಡಿದ ಮಾತುಗಳಲ್ಲಿ ಅಪ್ಪಟ ನಿಜ ಇದೊಂದೇ.

"ಇದರ ಮೊದಲ ಸವಾರಿ ನನ್ನದು. ಬೀಚಿಗೊಂದು ಸುತ್ತು ಹೋಗಿ ಬರುವಾ. ಸೂಟ್‌ಕೇಸ್ ಕೂಡ ಇದರಲ್ಲೇ ಇರಲಿ" ಎಂದು ಭಾವ ಡಿಕ್ಕಿ ಎತ್ತಿದ.

ಡಿಕ್ಕಿಯ ನಡುವೆ, ಒಂದು ಹಳೆ ಪೇಪರಿನ ಮೇಲೆ, ಮೊಳದಷ್ಟು ಉದ್ದದ ಬಿಳಿ ಆನೆದಂತ ಮಲಗಿತ್ತು.

ಬ್ಯಾಂಡು ನಿಂತಿತು. ಕಾನ್ಸೆಪ್ಟಾ ಬಾಯಿ "ಜೆಜು!" ಎಂದಳು.

"ತಾರಾ, ಇದೆಂತ?" ಭಾವ ಕನ್ನಡಕ ತೆಗೆದ. "ಆನೆದಂತ ಇಟ್ಟುಕೊಂಡರೆ ಫಾರೆಸ್ಟಿನವರು ಒಳಗೆ ಹಾಕ್ತಾರೆ ಗೊತ್ತುಂಟಾ?"

ಒಬ್ಬರು ಇದು ದಂತಚೋರ ವೀರಪ್ಪನ್‌ನ ಕೆಲಸ ಎಂದರು. ಇನ್ನೊಬ್ಬರು ಆನೆ ಅಂಗಡಿಯವರು ಕಾರಿನೊಟ್ಟಿಗೆ ದಂತವನ್ನೂ ಕೊಡುತ್ತಾರೆ ಎಂದು ಗೊತ್ತಿದ್ದರೆ ತಾವೂ ಇನ್ನೆರಡು ಸೀರೆ ತೆಗೆಯುತ್ತಿದ್ದೆವು ಎಂದರು. ಕುಶಲಾ ಆರತಿ ತಟ್ಟೆಯನ್ನು ತುಳಸಿಕಟ್ಟೆಯ ಮೇಲಿಟ್ಟು, ಕೈಗಳನ್ನು ಸೊಂಟದ ಮೇಲಿಟ್ಟಳು.

ತಾರಾನಾಥ ಗಂಟಲು ಸರಿ ಮಾಡಿಕೊಂಡ. ಸತ್ಯ ಹೇಳಬಹುದಾಗಿತ್ತು. ಆದರೆ ಅಭ್ಯಾಸ ತಪ್ಪಿತ್ತು. "ಅದು ಕಾರ್ಕಳದಲ್ಲಿ ನನ್ನ ಎದುರು ಬಂದ ಒಂದು ಮದಗಜದ್ದು ಭಾವ. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಸೋತ ಗುರುತಿಗೆ ಅದೇ ಮುರಿದು..."

"ಅದು ನಮ್ಮ ಆನೆಯದ್ದು!"

ಗುಂಪಿನ ಹಿಂದಿನಿಂದ ಬಂತು ಆ ಕೂಗು. ಬಿಳಿ ಅಂಗಿ ತೊಟ್ಟ, ಬೆವರಿಳಿಸಿದ ಒಬ್ಬ ಮನುಷ್ಯ ಫೋನನ್ನು ತಲೆಯ ಮೇಲೆತ್ತಿ ಹಿಡಿದು ಜನರ ನಡುವೆ ಈಜಿಕೊಂಡು ಬಂದ. "ನಾನು ಶೀನ. ಆನೆ ಅಂಗಡಿಯ ಮ್ಯಾನೇಜರ್. ಈ ಪೊರ್ಬುಗಳ ಫ್ಲೆಕ್ಸು ವಾಟ್ಸಾಪಿನಲ್ಲಿ ಕಾರ್ಕಳದವರೆಗೆ ಬಂದಿದೆ. ನಮ್ಮ ಬಂಪರು ಇನ್ನೂ ಯಾರಿಗೂ ಹೊಡೆದಿಲ್ಲ! ಕಾರು ನಮ್ಮ ಅಂಗಡಿಯೆದುರು ನಿಂತೇ ಉಂಟು! ಹಾಗಾದರೆ ಈ ಬಂಪರ್ ವೀರ ಯಾರು ಅಂತ ನೋಡಲಿಕ್ಕೆ ಬಂದೆ." ಅವನು ದಂತವನ್ನು ಎತ್ತಿ, ಮಗುವಿನ ಹಾಗೆ ಎದೆಗಪ್ಪಿಕೊಂಡ. "ಒಂದು ವಾರದಿಂದ ಒಂಟಿ ದಂತದಲ್ಲಿ ನಿಂತಿದೆ ಪಾಪ, ನಮ್ಮ ಬಾಗಿಲಿನ ಫೈಬರ್ ಆನೆ!"

"ಫೈಬರ್?" ಎಂದ ಭಾವ.

"ಫೈಬರ್?" ಎಂದಳು ಕಾನ್ಸೆಪ್ಟಾ ಬಾಯಿ, ದಂತವನ್ನು ಉಗುರಿನಿಂದ ಗೀರಿ ನೋಡುತ್ತ.

ಹೆರಾಲ್ಡ್ ಪೊರ್ಬು ಬಗ್ಗಿ ಬಂಪರಿನ ಮೇಲಿನ ಫ್ಲೆಕ್ಸು ಬಿಚ್ಚಿದ. ಇನ್ನೊಬ್ಬರ ಹೆಸರಿಗೆ ಹಿಂಬದಿಯಾದರೂ ಉಪಯೋಗಕ್ಕೆ ಬಂದೀತು ಎಂದು. ಅದರ ಅಡಿಯಿಂದ ನಂಬರ್ ಪ್ಲೇಟು ಹೊರಬಂತು. ಭಾವ ನಂಬರು ಓದಿದ. ಮುಂದಕ್ಕೆ ಹೋಗಿ ಗಾಜಿನೊಳಗೆ ಇಣುಕಿದ. ಒಳಗಿನಿಂದ ಮಸ್ಕತ್ತಿನ ನಾಯಿಮರಿ ಯಜಮಾನನನ್ನು ಗುರುತಿಸಿ ಹೌದು, ಹೌದು, ಹೌದು ಎಂದು ತಲೆಯಾಡಿಸಿತು.

"ಇದು ನನ್ನ ಕಾರು!"

"ನೋಡಿ ಇಲ್ಲಿ" ಎಂದು ಶೀನ ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದ. "ಸಿಸಿಟಿವಿ."

ಕಾಪುವಿನ ಅರ್ಧ ಜನ ಒಂದು ಫೋನಿನ ಮೇಲೆ ಬಗ್ಗಿದರು. ಪರದೆಯ ಮೇಲೆ ಕಾರ್ಕಳದ ಪೇಟೆ. ಯಾವ ಶಟರೂ ಇಳಿದಿಲ್ಲ. ಬಸ್ಸುಗಳು ಅವುಗಳ ಪಾಡಿಗೆ ಹೋಗುತ್ತಿವೆ. ಬಟ್ಟೆ ಅಂಗಡಿಯ ಬಾಗಿಲಲ್ಲಿ ಎಮ್ಮೆಕರುವಿನಷ್ಟು ಎತ್ತರದ ಒಂದು ಆನೆ, ಬೆನ್ನಿನ ಮೇಲೆ ರಿಯಾಯಿತಿಯ ಬೋರ್ಡು ಹೊತ್ತು, ನಗುತ್ತ ನಿಂತಿದೆ. ಭಾವನ ಕಾರು ಹಿಂದೆ ಹಿಂದೆ ಬರುತ್ತದೆ. ನಿಲ್ಲುತ್ತದೆ. ಬಹಳ ಹೊತ್ತು ನಿಂತೇ ಇರುತ್ತದೆ. ಮತ್ತೆ ಹಿಂದೆ ಬರುತ್ತದೆ. ಆನೆ ಮೆಲ್ಲಗೆ, ಮರ್ಯಾದಸ್ಥರ ಹಾಗೆ, ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಕಾರು ಹೊರಟುಹೋಗುತ್ತದೆ.

ಎಲ್ಲರೂ ತಾರಾನಾಥನನ್ನೇ ನೋಡಿದರು. ಅವನು ಕೊರಳಿನ ಮಲ್ಲಿಗೆ ಹಾರವನ್ನು ತೆಗೆದು, ಎಲ್ಲಿ ಇಡುವುದೆಂದು ತಿಳಿಯದೆ, ಶೀನನ ಕೈಯಲ್ಲಿದ್ದ ದಂತಕ್ಕೆ ಹಾಕಿದ.

"ಬಹುಮಾನ ಇಲ್ಲ?" ಎಂದಳು ಕುಶಲಾ.

"ಇಲ್ಲ."

"ಅಣ್ಣನಿಗೆ ಪಂಚೆ?"

"ಅದೂ ಇಲ್ಲ."

"ಪೆಟ್ರೋಲ್ ಕ್ಯೂ?"

"ಗೃಹಪ್ರವೇಶದ ಊಟದ ಕ್ಯೂ."

ಕುಶಲಾ ಗಂಡನ ಕಿಸೆಗೆ ಕೈ ಹಾಕಿ, ಕೀಲಿಕೈ ತೆಗೆದು, ಅಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿದಳು. "ಪಡುಬಿದ್ರಿಗೆ ಫೋನ್ ಮಾಡಿ ಅಣ್ಣ" ಎಂದಳು.

ಭಾವ ಫೋನು ಕೈಗೆತ್ತಿಕೊಂಡವನು ತಡೆದ. ಸಿಟ್ಟಿಗಿಂತ ದೊಡ್ಡದೇನೋ ಅವನನ್ನು ಕೊರೆಯುತ್ತಿತ್ತು. "ತಾರಾ, ಕಾರು ಹೋದದ್ದು ಹೋಯಿತು. ಒಂದು ಮಾತು ಮಾತ್ರ ನಿಜ ಹೇಳು. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಉಂಟು, ಪರದೆ ಉಂಟು, ಪೀಂ ಪೀಂ ಅಂತ ಬೊಬ್ಬೆ ಹಾಕುವ ಸೆನ್ಸರ್ ಉಂಟು. ನಿನಗೆ ಆನೆ ಕಾಣಲೇ ಇಲ್ಲವಾ?"

"ಕಂಡಿತು ಭಾವ."

"ಮತ್ತೆ?"

ತಾರಾನಾಥ ಕಾಲಿನ ಹೆಬ್ಬೆರಳಿನಿಂದ ಅಂಗಳದ ಮಣ್ಣು ಗೀರಿದ. ಎದುರಿಗೆ ಇಡೀ ಕಾಪು ಉಸಿರು ಬಿಗಿಹಿಡಿದು ನಿಂತಿತ್ತು. ಇನ್ನೊಂದು ಕತೆ ಕಟ್ಟಲು ಬಾಯಿ ತೆರೆದ, ಕತೆ ಬರಲಿಲ್ಲ.

"ಹಾರ್ನ್ ಹಾಕಿದೆ" ಎಂದ. "ಸರಿಯುತ್ತದೆ ಅಂತ ಕಾದೆ."